ಚಂದ್ರನ ಮೇಲೊಂದು ಆಟೋ

ಕೇಳುಗರೇ, ನಮಸ್ಕಾರ. ಕಣ್ಣಿಗೆ ಕಾಣಬೇಕಾದ ಕಲೆಯನ್ನು ರೇಡಿಯೊದಲ್ಲಿ ಹೇಳುವುದು ಸ್ವಲ್ಪ ಕಷ್ಟವೇ. ಆದರೂ ಈ ವಿಡಿಯೊ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು.

2019ರ ಸೆಪ್ಟೆಂಬರ್ ಮೊದಲ ವಾರ. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಇಳಿಯುವುದನ್ನೇ ದೇಶವೆಲ್ಲ ಕಾಯುತ್ತಿತ್ತು. ಆಗ ಮೊಬೈಲಿನಲ್ಲಿ ಒಂದು ದೃಶ್ಯ ಬಂತು. ಸುತ್ತ ಕತ್ತಲು, ನೆಲದ ತುಂಬ ಕುಳಿಗಳು. ಬಿಳಿ ಉಡುಪಿನ ಗಗನಯಾತ್ರಿಯೊಬ್ಬ ತೇಲಿದ ಹಾಗೆ ಹೆಜ್ಜೆ ಹಾಕುತ್ತಿದ್ದಾನೆ. ನೋಡನೋಡುತ್ತಿದ್ದಂತೆ ಪಕ್ಕದಲ್ಲೇ ಒಂದು ಆಟೋ ಹಾದುಹೋಗುತ್ತದೆ! ಬೆಂಗಳೂರಿನ ಮಾಗಡಿ ರಸ್ತೆ ಕಡೆಯ ಹೇರೋಹಳ್ಳಿಯ ಗುಂಡಿಬಿದ್ದ ರಸ್ತೆ ಅದು.

ಮಾಡಿದವರು ಕಲಾವಿದ ಬಾದಲ್ ನಂಜುಂಡಸ್ವಾಮಿ. 2015ರಲ್ಲಿ ಸುಲ್ತಾನ್‌ಪಾಳ್ಯದ ಗುಂಡಿಗೆ ಫೈಬರ್ ಮೊಸಳೆ ಇಳಿಸಿದವರೂ ಇವರೇ. ಮೊಸಳೆಯನ್ನು ದಾರಿಹೋಕರೂ ನಿಂತು ನೋಡಬಹುದಿತ್ತು. ಈ ಚಂದ್ರನಡಿಗೆ ಹಾಗಲ್ಲ, ಅದರ ಗುಟ್ಟೆಲ್ಲ ಕ್ಯಾಮೆರಾದಲ್ಲಿದೆ. ಆಟೋ ಕಾಣುವವರೆಗೂ ನಮ್ಮನ್ನು ನಂಬಿಸಬೇಕು. ಆಮೇಲೆ ನಗಿಸಬೇಕು. ನಕ್ಕವರು ಇನ್ನೊಬ್ಬರಿಗೆ ಕಳಿಸದೆ ಇರುತ್ತಾರೆಯೇ? ವಿಡಿಯೊ ಎಲ್ಲೆಡೆ ಹರಿದಾಡಿತು, ಪಾಲಿಕೆಯವರು ಬೇಗನೆ ಬಂದು ರಸ್ತೆ ರಿಪೇರಿ ಶುರು ಮಾಡಿದರು.

ಅದೊಂದು ರಸ್ತೆ ಸರಿಹೋದರೆ ಊರಿನ ಗುಂಡಿಯೆಲ್ಲ ಮುಚ್ಚಿತೇ ಅಂತ ಕೇಳಬಹುದು. ಇಲ್ಲ ಬಿಡಿ. ಆದರೆ ಆ ವಿಡಿಯೊಗೆ ಒಂದು ವಿಳಾಸವಿತ್ತು. ಯಾವ ರಸ್ತೆ, ಯಾರು ಸರಿಮಾಡಬೇಕು ಅನ್ನುವುದು ಎಲ್ಲರಿಗೂ ಗೊತ್ತಾಯಿತು. ನನಗೆ ಅದೇ ಮುಖ್ಯ ಅನ್ನಿಸುತ್ತದೆ.

ವಿಳಾಸವಿಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಒಂದು ಉದಾಹರಣೆ ಇದೆ. 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಕೈಯಲ್ಲಿ ಕಪ್ಪು ವರ್ಣೀಯ ಜಾರ್ಜ್ ಫ್ಲಾಯ್ಡ್ ಸತ್ತರು. ಅದನ್ನು ಖಂಡಿಸಿ ಜೂನ್ 2ರಂದು ಲಕ್ಷಾಂತರ ಜನ ಇನ್‌ಸ್ಟಾಗ್ರಾಮ್‌ನಲ್ಲಿ ಬರೀ ಕಪ್ಪು ಚೌಕ ಹಾಕಿದರು. ಉದ್ದೇಶ ಒಳ್ಳೆಯದೇ. ಆದರೆ ಎಷ್ಟೋ ಜನ ಅದಕ್ಕೆ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ ಚಳವಳಿಯ ಹ್ಯಾಶ್‌ಟ್ಯಾಗನ್ನೇ ಅಂಟಿಸಿದರು. ಪ್ರತಿಭಟನೆ ಎಲ್ಲಿ, ನೆರವು ಯಾರಿಗೆ ಅಂತ ಅಲ್ಲಿ ಹುಡುಕಿದವರಿಗೆ ಸಾಲುಸಾಲು ಕಪ್ಪು ಚೌಕಗಳೇ ಸಿಕ್ಕವು. ಹಾಗೆ ಹಾಕಬೇಡಿ ಅಂತ ಚಳವಳಿಯವರೇ ಕೇಳಿಕೊಳ್ಳಬೇಕಾಯಿತು. ಹಾಕಿದವರಿಗೆ ಸಮಾಧಾನ ಸಿಕ್ಕಿತೇನೋ, ಅಷ್ಟೇ.

ಈಗ ಕೆಲಸ ಇನ್ನೂ ಸುಲಭ. ಎಐಗೆ ಎರಡು ಸಾಲು ಹೇಳಿದರೆ ಸಾಕು, ನಿಮ್ಮೂರಿನ ಒಣಗಿದ ಕೆರೆಯಲ್ಲಿ ಒಂಟೆ ಓಡಾಡಿಸಿ ತೋರಿಸುತ್ತದೆ. ತಮಾಷೆಯಾಗಿಯೂ ಇರುತ್ತದೆ, ಮನಸ್ಸಿಗೆ ಚುಚ್ಚುತ್ತದೆ ಕೂಡ. ಆದರೆ ಜವಾಬ್ದಾರಿ ತಪ್ಪಿಸಿಕೊಳ್ಳುವವರಿಗೂ ಸುಲಭದ ನೆಪ ಸಿಕ್ಕಿದೆ: ‘ಇದೆಲ್ಲ ಎಐ ಚಿತ್ರ ಕಣ್ರೀ, ಸುಮ್ನೆ ಬಿಡಿ.’ ಆದ್ದರಿಂದ ಒಂಟೆಯ ಪಕ್ಕದಲ್ಲೇ ಆ ಕೆರೆಯ ಅಸಲಿ ಫೋಟೊ ಒಂದನ್ನು ಹಾಕಿ. ಕೆಳಗೆ ಊರಿನ ಹೆಸರು, ತಾರೀಕು, ಕೆರೆ ಯಾವ ಇಲಾಖೆಗೆ ಸೇರಿದ್ದು ಅನ್ನುವುದನ್ನೂ ಬರೆಯಿರಿ. ನಮಸ್ಕಾರ.