ಗೋಧಿಯ ಗಡಿಯಾರ: ಅಣ್ಣಿಗೇರಿಯ ಎರೆ ಹೊಲದಿಂದ

[ದೃಶ್ಯ: ಅಕ್ಟೋಬರ್ ಕೊನೆ. ಖಾಲಿ ಎರೆ ಹೊಲ. ಎರಡೂ ಅಂಗೈಯಾಗ ಗೋಧಿ ಕಾಳು]

ನಮಸ್ಕಾರ್ರೀ. ಕ್ಯಾಮೆರಾ ಸ್ವಲ್ಪ ಹತ್ತಿರ ತರ್ರಿ. ಎಡಗೈಯಾಗಿನ ಕಾಳು ತುಂಬಿ ದುಂಡಗ ಐತಿ. ಬಲಗೈಯಾಗಿಂದು ಜೊಳ್ಳು, ಮೈಯೆಲ್ಲಾ ಸುಕ್ಕು. ಎರಡೂ ಒಂದೇ ತಳಿ, ಒಂದೇ ಹೊಲ. ಎಡಗೈದು ನವೆಂಬರ್ ಮೊದಲ ವಾರ ಬಿತ್ತಿದ್ದು, ಬಲಗೈದು ಡಿಸೆಂಬರ್ ಮೊದಲ ವಾರ. ಆ ವರ್ಷ ಮಳಿ ಹಿಡಕೊಂಡು ಉಳ್ಳಾಗಡ್ಡಿ ಕೀಳೂದು ತಡಾ ಆತು. ತಳಿ ಚಲೋ ಐತಲ್ಲ ಅಂತ ಉಳಿದ ಅರ್ಧಕ್ಕೂ ಅದನ್ನೇ ಬಿತ್ತಿದೆ. ಅದೇ ತಪ್ಪಾತು.

ಪ್ರತಿ ಗೋಧಿ ತಳಿಯೊಳಗೂ ಒಂದು ಗಡಿಯಾರ ಇರತೈತಿ. ಉಕ್ರೇನ್, ಅಮೆರಿಕದ ಕ್ಯಾನ್ಸಸ್ ಕಡೆಯ ಚಳಿಗಾಲದ ಗೋಧಿ ತಗೋರಿ. ಸೆಪ್ಟೆಂಬರ್, ಅಕ್ಟೋಬರದಾಗ ಬಿತ್ತಿದ್ದು ಹಿಮದಾಗ ಚಳಿಗಾಲ ಕಳದು, ಮರುವರ್ಷದ ಬ್ಯಾಸಿಗ್ಯಾಗ ಕೊಯ್ಲಿಗೆ ಬರತೈತಿ. ಕೆಲವು ವಾರ ಸೊನ್ನೆ ಡಿಗ್ರಿಯ ಆಸುಪಾಸಿನ ಥಂಡಿ ಸಿಗಲಿಲ್ಲಂದ್ರ ಅದು ತೆನಿ ಹೊರಹಾಕಂಗಿಲ್ಲ. ನಮ್ಮಲ್ಲಿ ಬಿತ್ತಿದ್ರ ತೆಂಡೆ, ಅಂದ್ರ ಬುಡದಾಗ ಮರಿ, ಒಡಕೋತ ಹುಲ್ಲಾಗೇ ಉಳಿತೈತಿ.

ನಮ್ಮ ಹಿಂಗಾರಿ ಗೋಧಿ ಹಂಗಲ್ಲ. ಬಿತ್ತೂದು ಚಳಿಗಾಲದಾಗ ಖರೆ, ಆದ್ರ ಜಾತಿ ವಸಂತದ್ದು, ಥಂಡಿ ದೇಶದಾಗ ವಸಂತಕ್ಕ ಬಿತ್ತೋ ಅಂಥಾದ್ದು. ತೆನಿ ಬಿಡಾಕ ಹಿಮ ಬೇಕಾಗಿಲ್ಲ. ಆದ್ರೂ ಚಳಿ ಬೇಕು, ತೆಂಡೆ ಒಡಿಯಾಕ, ಕಾಳು ಸಾವಕಾಶ ತುಂಬಾಕ. ಪಂಜಾಬದಾಗ ಸುಮಾರು 140 ದಿನ ತಗೊಳ್ಳೋ ಬೆಳಿ ನಮ್ಮಲ್ಲಿ 100, 110 ದಿನಕ್ಕ ಮುಗಿತೈತಿ. ಅಷ್ಟರಾಗ ಹಾಲುಗಾಳಿನ ಹೊತ್ತಿಗೆ, ಅಂದ್ರ ಕಾಳಿನಾಗ ಇನ್ನೂ ಹಾಲಿರೋವಾಗ, ಬಿಸಿಲು ಏರಿತಂದ್ರ ಎಲಿ ಬೇಗ ಒಣಗತೈತಿ, ಕಾಳಿಗೆ ಪಿಷ್ಟ ಇಳಿಯೋ ದಿನ ಕಡಿಮಿ ಆಗತಾವು. ಡಿಸೆಂಬರದಾಗ ಬಿತ್ತಿದ್ದರ ಹಾಲುಗಾಳು ಫೆಬ್ರುವರಿ ಬಿಸಿಲಿಗೆ ಸಿಗತೈತಿ. ಈ ಬಲಗೈಯ ಕಾಳಿನ ಕಥಿ ಇಷ್ಟೇ.

2022ರ ಮಾರ್ಚ್ ನೆನಪೈತಿ? 1901ರಿಂದ ಲೆಕ್ಕ ಇಟ್ಟದ್ದರಾಗ ದೇಶದ ಅತಿ ಬಿಸಿ ಮಾರ್ಚ್ ಅದು. ಉತ್ತರದಾಗ ಕಾಳು ಸಣ್ಣಾದವು, ಮೇ 13ಕ್ಕ ಸರ್ಕಾರ ಗೋಧಿ ರಫ್ತು ನಿಲ್ಲಿಸಿತು. ಜಗತ್ತಿನ ತಾಪಮಾನ 1 ಡಿಗ್ರಿ ಏರಿದ್ರ ಗೋಧಿ ಇಳುವರಿ ಸುಮಾರು ನೂರಕ್ಕ 6ರಷ್ಟು ಬೀಳತೈತಿ ಅಂತ ವಿಜ್ಞಾನಿಗಳ ಅಂದಾಜು.

ಅದಕ್ಕ ಬೀಜದ ಚೀಲದ ಮ್ಯಾಲಿನ ಕ್ವಿಂಟಲ್ ಲೆಕ್ಕಕ್ಕಿಂತ ಮೊದಲು ಎರಡು ಮಾತು ಓದ್ರಿ: ನೀರಾವರಿಗೋ ಮಳಿಯಾಶ್ರಿತಕ್ಕೋ, ಸಕಾಲಕ್ಕೋ ತಡವಾದ ಬಿತ್ತನಿಗೋ. ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಯುಎಎಸ್ 304 ನೀರಾವರಿಗೆ, ಸಕಾಲಕ್ಕ. ತಡಾ ಆತಂದ್ರ ಎಚ್‌ಡಿ 2932 ಅಂಥವು ಅದಾವು. ಶಾವಿಗಿ, ರವಾಕ್ಕ ಬೇಕಾದ ಬನ್ಸಿ ಜಾತಿಯಾಗ ಯುಎಎಸ್ 446 ಮಳಿಯಾಶ್ರಿತ ಹೊಲಕ್ಕ. ಹುಗ್ಗಿ ಮಾಡೋ ಸದಕ, ಅಂದ್ರ ಹೊಟ್ಟು ಬಿಡದ ಖಪಲಿ ಗೋಧಿ, ಬೇಕಂದ್ರ ಡಿಡಿಕೆ 1025, ಡಿಡಿಕೆ 1029. ಸದಕ ಬಿಸಿಲನ್ನೂ ತುಕ್ಕು ರೋಗವನ್ನೂ ಚಲೋ ತಡಕೊಳ್ಳತೈತಿ. ಅಮೆರಿಕದ ತಳಿ ವಿಜ್ಞಾನಿ ಎಡ್ಗರ್ ಮೆಕ್‌ಫ್ಯಾಡನ್ ನೂರು ವರ್ಷದ ಹಿಂದ ಸದಕದ ಜಾತಿಯ ಗೋಧಿಯಿಂದಲೇ ಕಾಂಡದ ತುಕ್ಕು ತಡಿಯೋ ಗುಣವನ್ನ ಬ್ರೆಡ್, ಚಪಾತಿ ಮಾಡೋ ಸಾದಾ ಗೋಧಿಗೆ ತಂದಿದ್ದ. ನಮ್ಮವ್ವ ಹುಗ್ಗಿಗಂತ ಒನಕಿಯಾಗ ಹೊಟ್ಟು ಬಿಡಿಸೋ ಕಾಳು ಅದು!

ಇನ್ನೊಂದು ಮಾತು, ಇದನ್ನ ಯಾರೂ ಹೇಳೂದಿಲ್ಲ. 1960ರ ದಶಕದಾಗ ಮೆಕ್ಸಿಕೊದಿಂದ ಬಂದ ಗಿಡ್ಡ ಗೋಧಿಯೊಳಗ ಜಪಾನಿನ ನೋರಿನ್ 10 ತಳಿಯ ಗುಣ ಇತ್ತು. ಗೊಬ್ಬರ ಹಾಕಿದ್ರೂ ಬೀಳಂಗಿಲ್ಲ, ಅದು ಅದರ ಬಲ. ಆದ್ರ ಆ ಗುಣ ಮೊಳಕಿಯನ್ನೂ ಗಿಡ್ಡ ಮಾಡತೈತಿ. ಹಸಿ ಆಳಕ್ಕ ಇಳದ ಎರೆಯಾಗ ಅಜ್ಜನ ಕಾಲದ ಎತ್ತರದ ಗೋಧಿ ಆಳದಿಂದ ಮಣ್ಣು ಎಬ್ಬಿಸಿ ಮ್ಯಾಲೆ ಬರತಿತ್ತು. ಗಿಡ್ಡ ತಳಿಯ ಮೊಳಕಿ ನಡುವೆ ಮುರುಟತೈತಿ.

[ದೃಶ್ಯ: ಕೈಯಿಂದ ಮಣ್ಣು ಕೆದರುವುದು]

ನೋಡ್ರಿ, ಎರಡು ಬೆರಳು ಒಣ, ಮೂರನೇ ಬೆರಳಿಗೆ ಹಸಿ ಸಿಕ್ತು. ಇನ್ನೊಂದು ವಾರ ಬಿಟ್ರ ಇದು ಮತ್ತೂ ಕೆಳಗ ಇಳಿತೈತಿ. ಸ್ವಾತಿ ಮಳಿ ಕಾಯೂದಿಲ್ಲ, ನಾಳೆ ಮುಂಜಾನೆ ಇಲ್ಲಿ ಕೂರಿಗಿ ಹೂಡತೀವಿ.