ಕೇಬಲ್ ನುಂಗಿದ ಆರು ವ್ಯಾಟ್

ನಮಸ್ಕಾರ, ಮಂಜೇಶ್ವರದಿಂದ. ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರ ತನಕ ಕೇರಳದಲ್ಲಿ ಟ್ರಾಲಿಂಗ್ (ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ. ಬೋಟ್‌ಗಳೆಲ್ಲ ದಡದಲ್ಲಿ, ಅವುಗಳ ವಿಎಚ್‌ಎಫ್ ರೇಡಿಯೊ ಸೆಟ್‌ಗಳು ನನ್ನ ಮೇಜಿನ ಮೇಲೆ. ಇದು 25 ವ್ಯಾಟ್‌ನ ಸೆಟ್. "ಸ್ವಲ್ಪ ದೂರ ಹೋದರೆ ನಮ್ಮ ಮಾತು ಯಾರಿಗೂ ಕೇಳುವುದಿಲ್ಲ ಮಾರಾಯ್ರೆ, ಪವರ್ ಜಾಸ್ತಿ ಮಾಡಿ ಕೊಡಿ" ಅಂತ ಬೋಟಿನವರು ಹೇಳಿ ಹೋಗಿದ್ದಾರೆ.

ಮೊದಲು ಅಳೆಯೋಣ. ಚಾನೆಲ್ 16, ಅಂದರೆ 156.8 ಮೆಗಾಹರ್ಟ್ಸ್. ಪವರ್ ಅಳೆಯುವುದು ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ, ಅಂದರೆ ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಅಂತ ಪರದೆಯಲ್ಲಿ ತೋರಿಸುವ ಯಂತ್ರದಲ್ಲಿ. ಅದು ಓದುವುದು ಡಿಬಿಎಂನಲ್ಲಿ: 1 ಮಿಲಿವ್ಯಾಟ್ ಅಂದರೆ 0, ಪ್ರತಿ 10 ಡೆಸಿಬೆಲ್‌ಗೆ ಪವರ್ ಹತ್ತು ಪಟ್ಟು. ಸಾಮಾನ್ಯ ಅನಲೈಸರ್ ತಡೆದುಕೊಳ್ಳುವುದು 1 ವ್ಯಾಟ್, ಅಂದರೆ 30 ಡಿಬಿಎಂ ಮಾತ್ರ, ಹಾಗಾಗಿ ನಡುವೆ ಸಿಗ್ನಲ್ ಇಳಿಸುವ ಒಂದು ಅಟೆನ್ಯುಯೇಟರ್ ಬೇಕೇ ಬೇಕು. ಇದರ ಮೇಲೆ 30 ಡೆಸಿಬೆಲ್ ಅಂತ ಬರೆದಿದೆ, ಅಳೆದಾಗ ಸಿಕ್ಕಿದ್ದು 29.8. ಪರದೆಯಲ್ಲಿ 13 ಡಿಬಿಎಂ ಕಾಣ್ತಿದೆ ಅಲ್ವಾ? ಅದಕ್ಕೆ 29.8 ಸೇರಿಸಿದರೆ 42.8. ವ್ಯಾಟ್‌ನಲ್ಲಿ ಹೇಳಿದರೆ 19.

ಇಲ್ಲಿಗೇ ನಿಲ್ಲಿಸಿದರೆ ಸೆಟ್ ವೀಕ್ ಆಗಿದೆ ಅಂತಲೇ ಅನಿಸುತ್ತದೆ. ಆದರೆ ಸೆಟ್‌ನಿಂದ ಅನಲೈಸರ್ ತನಕ ಆರು ಮೀಟರ್ ಆರ್‌ಜಿ-58 ಕೇಬಲ್ ಇದೆ, ಅದರ ಲೆಕ್ಕ ಇನ್ನೂ ಹಾಕಿಲ್ಲ.

ಕೇಬಲ್ ಅಳೆಯುವುದು ಸುಲಭ. ಬೇಕಾದಷ್ಟು ಸಿಗ್ನಲ್ ಹುಟ್ಟಿಸಿ ಕೊಡುವ ಸಿಗ್ನಲ್ ಜನರೇಟರ್‌ನಿಂದ ಒಂದು ಗಿಡ್ಡ ಕೇಬಲ್ ತುಂಡಿನಲ್ಲಿ ನೇರ ಅನಲೈಸರ್‌ಗೆ ಕೊಡಿ, ರೀಡಿಂಗ್ ಬರೆದುಕೊಳ್ಳಿ. ಆಮೇಲೆ ನಿಮ್ಮ ಕೇಬಲನ್ನು ಮಧ್ಯೆ ಸೇರಿಸಿ, ಮತ್ತೆ ಓದಿ. ಎರಡರ ವ್ಯತ್ಯಾಸವೇ ಲಾಸ್. ಜನರೇಟರ್ ತಾನೇ ಅರ್ಧ ಡೆಸಿಬೆಲ್ ತಪ್ಪು ತೋರಿಸುತ್ತಿದ್ದರೂ ಪರವಾಗಿಲ್ಲ, ಕಳೆಯುವಾಗ ಅದು ಹೋಗಿಬಿಡುತ್ತದೆ. ನನಗೆ ಸಿಕ್ಕಿದ್ದು 1.2 ಡೆಸಿಬೆಲ್. 42.8ಕ್ಕೆ 1.2 ಸೇರಿಸಿ: 44 ಡಿಬಿಎಂ, ಸರಿಯಾಗಿ 25 ವ್ಯಾಟ್. ಸೆಟ್ ಚೆನ್ನಾಗಿಯೇ ಇದೆ!

ಅಳತೆ ಮಾಡುವ ಫ್ರೀಕ್ವೆನ್ಸಿಯಲ್ಲೇ ಕೇಬಲನ್ನೂ ಅಳೆಯಬೇಕು, ಇದನ್ನು ಬಿಡಬೇಡಿ. ಫ್ರೀಕ್ವೆನ್ಸಿ ಏರಿದಂತೆ ಕರೆಂಟ್ ತಾಮ್ರದ ಮೇಲ್ಪದರದಲ್ಲೇ ಹರಿಯುತ್ತದೆ, ಒಳಗಿನ ಪ್ಲಾಸ್ಟಿಕ್ಕೂ ಹೆಚ್ಚು ಪವರ್ ತಿನ್ನುತ್ತದೆ, ಹಾಗಾಗಿ ಇದೇ ಆರು ಮೀಟರ್ 1 ಗಿಗಾಹರ್ಟ್ಸ್‌ನಲ್ಲಿ ಸುಮಾರು 4 ಡೆಸಿಬೆಲ್ ನುಂಗುತ್ತದೆ.

ರೀಡಿಂಗ್‌ಗೆ ತಾನೇ ಕೂಡಿಸಿಕೊಳ್ಳಲು ಅನಲೈಸರ್‌ನಲ್ಲಿ ರೆಫರೆನ್ಸ್ ಲೆವೆಲ್ ಆಫ್‌ಸೆಟ್ ಅಂತ ಒಂದು ಸೆಟ್ಟಿಂಗ್ ಇದೆ; ಅದರಲ್ಲಿ ಅಟೆನ್ಯುಯೇಟರ್ 29.8, ಕೇಬಲ್ 1.2, ಒಟ್ಟು 31 ಡೆಸಿಬೆಲ್ ಹಾಕಿಟ್ಟರೆ ಪರದೆಯೇ 44 ತೋರಿಸುತ್ತದೆ. ಪ್ಲಸ್ಸೋ ಮೈನಸ್ಸೋ ಅಂತ ಗೊಂದಲ ಆದರೆ ಸೆಟ್ ತೆಗೆದು, ಆ ಜಾಗದಲ್ಲಿ ಜನರೇಟರ್‌ನಿಂದ 0 ಡಿಬಿಎಂ ಕೊಡಿ. ಸೊನ್ನೆಯ ಹತ್ತಿರ ಬಂದರೆ ಸರಿ, ಮೈನಸ್ 62ರ ಹತ್ತಿರ ಬಂದರೆ ಚಿಹ್ನೆ ಉಲ್ಟಾ ಆಗಿದೆ.

ದಾರಿಯಲ್ಲಿ ಆಂಪ್ಲಿಫೈಯರ್ ಇದ್ದರೆ ಅದರ ಗೇನ್, ಅಂದರೆ ಅದು ಸಿಗ್ನಲನ್ನು ಏರಿಸುವಷ್ಟು ಡೆಸಿಬೆಲ್, ಕಳೆಯಬೇಕು. ಸಿಗ್ನಲನ್ನು 10 ಡೆಸಿಬೆಲ್ ಇಳಿಸಿದಾಗ ರೀಡಿಂಗ್ ಕೂಡ 10 ಇಳಿಯಬೇಕು. ಕಡಿಮೆ ಇಳಿದರೆ ಆಂಪ್ಲಿಫೈಯರ್ ತನ್ನ ಮಿತಿ ಮುಟ್ಟಿದೆ ಅಂತ ಅರ್ಥ, ಆಗ ಆ ಗೇನ್ ನಂಬಬೇಡಿ. ಸೆಟ್‌ನ ರಿಸೀವರ್ ಪರೀಕ್ಷೆಯಲ್ಲಿ ಲೆಕ್ಕ ತಿರುಗುತ್ತದೆ: ಇದೇ ಕೇಬಲ್‌ನಲ್ಲಿ ಕೊಡುವಾಗ ಜನರೇಟರ್‌ನಲ್ಲಿ ಮೈನಸ್ 110 ಡಿಬಿಎಂ ಇಟ್ಟರೆ ಸೆಟ್‌ಗೆ ಮುಟ್ಟುವುದು ಮೈನಸ್ 111.2.

ಹಾಗಾದರೆ ಮಾತು ಯಾಕೆ ಕೇಳುವುದಿಲ್ಲ? ಪವರ್ ಏರಿಸಲು ನಾನು ಈ ಸೆಟ್ ಬಿಚ್ಚುವುದಿಲ್ಲ. ಆಂಟೆನಾದ ಕೇಬಲ್ ಬಿಚ್ಚಿ ತನ್ನಿ ಅಂತ ಬೋಟಿನವರಿಗೆ ಫೋನ್ ಮಾಡಿದ್ದೇನೆ. ಕನೆಕ್ಟರ್ ಒಳಗೆ ಉಪ್ಪುನೀರು ಇಳಿದು ತಾಮ್ರದ ಜಾಲರಿ ಹಸಿರಾಗಿದ್ದರೆ ಅಲ್ಲೇ 3 ಡೆಸಿಬೆಲ್ ಹೋಗಿರಬಹುದು, ಅಂದರೆ ಆಂಟೆನಾಗೆ ಮುಟ್ಟುವುದು ಅರ್ಧ ಪವರ್. ಕೇಬಲ್ ಬಂದ ಕೂಡಲೇ ಇದೇ ರೀತಿ ಅಳೆಯುತ್ತೇನೆ.