ರಬ್ಬರ್ ವಿಮಾನಕ್ಕೆ ದಾರ ಕಟ್ಟಿ ನೋಡಿ

ನಮಸ್ಕಾರ. ವಿಮಾನ ಹೇಗೆ ಹಾರುತ್ತದೆ ಅಂತ ಮಕ್ಕಳಿಗೆ ಕಲಿಸಬೇಕು ಅಂದ ಕೂಡಲೇ ಈಗ ಎಲ್ಲ ಶಾಲೆಗಳಿಗೂ ನೆನಪಾಗುವುದು ಡ್ರೋನ್ ಕಿಟ್. ನನ್ನ ಮಾತು ಇಷ್ಟೇ. ಡ್ರೋನ್ ಆಮೇಲೆ ಬರಲಿ. ಮೊದಲು ಮಗುವಿನ ಕೈಗೆ, ತಿರುಚಿದ ರಬ್ಬರ್ ಹುರಿ ಬಿಚ್ಚಿಕೊಳ್ಳುತ್ತಾ ಪ್ರೊಪೆಲ್ಲರ್ ತಿರುಗಿಸಿ ಹಾರಿಸುವ, ಎರಡು ದಾರ ಕಟ್ಟಿದ ಒಂದು ಪುಟ್ಟ ವಿಮಾನ ಕೊಡಿ.

ಎನ್‌ಸಿಸಿ ಏರ್ ವಿಂಗ್‌ನಲ್ಲಿ ಇದ್ದವರಿಗೆ ಕಂಟ್ರೋಲ್ ಲೈನ್ ಅಂದರೆ ಗೊತ್ತಿರುತ್ತದೆ. ಹಾರಿಸುವವರು ನಡುವೆ ಹಿಡಿ ಹಿಡಿದು ನಿಲ್ಲುತ್ತಾರೆ. ಹಿಡಿಯಿಂದ ಎರಡು ತಂತಿ ವಿಮಾನಕ್ಕೆ ಹೋಗುತ್ತವೆ. ವಿಮಾನ ಅವರ ಸುತ್ತ ಹಾರುತ್ತದೆ. ಒಳಗೆ ಬೆಲ್‌ಕ್ರ್ಯಾಂಕ್ ಅನ್ನುವ ತ್ರಿಕೋನದ ತುಂಡು ಇರುತ್ತದೆ. ಒಂದು ತಂತಿ ಎಳೆದರೆ ಅದು ತಿರುಗಿ, ಕಡ್ಡಿಯ ಮೂಲಕ ಬಾಲದ ಎಲಿವೇಟರನ್ನು, ಅಂದರೆ ವಿಮಾನವನ್ನು ಏರಿಸಿ ಇಳಿಸುವ ಕೀಲಿನ ಪಟ್ಟಿಯನ್ನು, ಎತ್ತುತ್ತದೆ. ಇನ್ನೊಂದು ಎಳೆದರೆ ಇಳಿಸುತ್ತದೆ. ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಜಿಮ್ ವಾಕರ್ 1940ರ ದಶಕದಲ್ಲಿ ಇದನ್ನು ಯು-ಕಂಟ್ರೋಲ್ ಅಂತ ಮಾರಿ ಮನೆಮಾತು ಮಾಡಿದರು. ಆದರೆ ಇದು ಹೆಚ್ಚಾಗಿ ಎಂಜಿನ್‌ನವರ ಆಟವಾಗಿಯೇ ಉಳಿಯಿತು. ಇಂಧನಕ್ಕೆ ಮೆಥನಾಲ್, ಹರಳೆಣ್ಣೆ, ಮೇಲೆ ಕಿವಿಗಡಚಿಕ್ಕುವ ಸದ್ದು, ದೊಡ್ಡ ಮೈದಾನ. ಹತ್ತು ವರ್ಷದ ಮಗುವಿಗೆ ಇದು ಆಗುವ ಕೆಲಸ ಅಲ್ಲ.

ರಬ್ಬರ್ ವಿಮಾನ ಇದಕ್ಕಿಂತ ತುಂಬಾ ಹಳೆಯದು. 1871ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನ ಟ್ವಿಲರೀ ಉದ್ಯಾನದಲ್ಲಿ ಆಲ್ಫಾನ್ಸ್ ಪೆನೋ ಎಂಬ ಯುವಕ ತಿರುಚಿದ ರಬ್ಬರ್‌ನಿಂದ ಒಂದು ಪುಟ್ಟ ವಿಮಾನ ಹಾರಿಸಿದ. 11 ಸೆಕೆಂಡು, ಸುಮಾರು 40 ಮೀಟರ್. ಯಾರೂ ಮುಟ್ಟದೆ, ತನ್ನಷ್ಟಕ್ಕೆ ನೆಟ್ಟಗೆ ಹಾರಿತು. ಪೆನೋ ಮಾಡಿದ ರಬ್ಬರ್ ಹೆಲಿಕಾಪ್ಟರ್ ಮಾದರಿಯ ಆಟಿಕೆಯೊಂದನ್ನು ರೈಟ್ ಸಹೋದರರಿಗೆ ಅವರ ತಂದೆ 1878ರಲ್ಲಿ ತಂದುಕೊಟ್ಟರು. ಮುಂದಿನ ಕಥೆ ನಿಮಗೆ ಗೊತ್ತು.

ರಬ್ಬರ್ ವಿಮಾನ ಹೀಗೆ ತನ್ನಷ್ಟಕ್ಕೆ ಹಾರುವಂಥದ್ದು, ಅದಕ್ಕೇ ಅದರ ಹವ್ಯಾಸಿಗಳು ನನ್ನ ಮೇಲೆ ರೇಗುತ್ತಾರೆ. ರಬ್ಬರ್ ವಿಮಾನದ ಚೆಂದವೇ ಅದನ್ನು ಕೈಬಿಟ್ಟು ನೋಡುವುದರಲ್ಲಿದೆ, ಅದಕ್ಕೆ ಯಾಕೆ ದಾರ ಕಟ್ಟುತ್ತೀರಿ ಅಂತ. 1928ರಿಂದ ವೇಕ್‌ಫೀಲ್ಡ್ ಕಪ್ ಅನ್ನುವ ಅಂತರರಾಷ್ಟ್ರೀಯ ಸ್ಪರ್ಧೆ ನಡೆಯುತ್ತಿರುವುದು ಹಾಗೆ ಬಿಟ್ಟು ಹಾರಿಸುವ ವಿಮಾನಗಳಿಗೇ. ಅವರ ಮಾತಿನಲ್ಲಿ ಹುರುಳಿದೆ. ದಾರ ಗಾಳಿಗೆ ಅಡ್ಡ ಬರುತ್ತದೆ, ಇರುವ ಅಲ್ಪಸ್ವಲ್ಪ ಶಕ್ತಿಯನ್ನೂ ತಿನ್ನುತ್ತದೆ. ಆದರೂ ನಾನು ದಾರ ಕಟ್ಟಿ ಅನ್ನುತ್ತೇನೆ. ಯಾಕೆ ಅಂದರೆ ಬಿಟ್ಟ ವಿಮಾನವನ್ನು ಮಗು ನೋಡುತ್ತದೆ ಅಷ್ಟೇ. ದಾರ ಇದ್ದರೆ ಗಾಳಿಪಟದ ಹಾಗೆ ವಿಮಾನ ಏನು ಮಾಡುತ್ತಿದೆ ಅನ್ನುವುದು ಬೆರಳಿಗೆ ತಿಳಿಯುತ್ತದೆ.

ಲೆಕ್ಕ ನೋಡಿ. 20 ಗ್ರಾಂ ತೂಕದ ವಿಮಾನ, ಎರಡೂವರೆ ಮೀಟರ್ ದಾರ, ಸೆಕೆಂಡಿಗೆ 4 ಮೀಟರ್ ವೇಗ. ಆಗ ಕೈಗೆ ಸಿಗುವ ಎಳೆತ ಸುಮಾರು 13 ಗ್ರಾಂ. ವೇಗ ಅರ್ಧಕ್ಕೆ ಇಳಿದರೆ ಎಳೆತ ಅರ್ಧ ಆಗುವುದಿಲ್ಲ, ಕಾಲು ಭಾಗ ಆಗುತ್ತದೆ. ಅಂದರೆ 3 ಗ್ರಾಂ ಚಿಲ್ಲರೆ. ವೇಗದ ವರ್ಗ ಅಂತ ಪುಸ್ತಕದಲ್ಲಿ ಬರುತ್ತದಲ್ಲ, ಅದು ಇದೇ. ಇಲ್ಲಿ ಮಗು ಅದನ್ನು ಕೈಯಿಂದ ಕಲಿಯುತ್ತದೆ.

ಅಷ್ಟು ಸಣ್ಣ ಎಳೆತದಲ್ಲೇ ಎಲ್ಲವೂ ಅಲುಗಬೇಕಲ್ವಾ? ಹಾಗಾಗಿ ಎಲಿವೇಟರ್‌ನ ಕೀಲು ಸಲೀಸಾಗಿರಬೇಕು, ಊದಿದರೆ ಅಲ್ಲಾಡಬೇಕು. ದಾರ ರೆಕ್ಕೆಯಿಂದ ಹೊರಬರುವ ಜಾಗ ವಿಮಾನದ ತೂಕದ ಕೇಂದ್ರಕ್ಕಿಂತ ಚೂರು ಹಿಂದೆ ಇರಬೇಕು. ಮುಂದೆ ಬಂದರೆ ಮೂಗು ಒಳಕ್ಕೆ ತಿರುಗಿ ದಾರ ಸಡಿಲ ಆಗುತ್ತದೆ. ಹೊರಗಿನ ರೆಕ್ಕೆಯ ತುದಿಗೆ ಚೂರು ಜೇಡಿಮಣ್ಣು ಅಂಟಿಸಿ. ಒಳಗಿನ ದಾರದ ತೂಕವನ್ನು ಅದು ಸರಿದೂಗಿಸುತ್ತದೆ.

ಇನ್ನೊಂದು ವಿಷಯ ತುಂಬಾ ಜನ ಗಮನಿಸುವುದಿಲ್ಲ. ಹಿಂದಿನಿಂದ ನೋಡಿದರೆ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಆಗ ರಬ್ಬರ್ ಹುರಿಯು ವಿಮಾನವನ್ನು ಅದಕ್ಕೆ ವಿರುದ್ಧ ತಿರುಚಲು ನೋಡುತ್ತದೆ, ಅಂದರೆ ಎಡ ರೆಕ್ಕೆ ಕೆಳಗೆ. ಎಂಜಿನ್ ವಿಮಾನದವರ ರೂಢಿಯಂತೆ ಎಡಕ್ಕೆ ಸುತ್ತಿಸಿದರೆ ಎಡ ರೆಕ್ಕೆ ಒಳಗಡೆ ಇರುತ್ತದೆ. ವಿಮಾನ ನಿಮ್ಮ ಕಡೆಗೇ ವಾಲುತ್ತದೆ, ದಾರ ಸಡಿಲ. ಅದಕ್ಕೆ ರಬ್ಬರ್ ವಿಮಾನವನ್ನು ಬಲಕ್ಕೆ ಸುತ್ತಿಸಿ. ಆಗ ಅದೇ ತಿರುಚು ವಿಮಾನವನ್ನು ಹೊರಗೆ ವಾಲಿಸಿ ದಾರವನ್ನು ಬಿಗಿ ಮಾಡುತ್ತದೆ. ಹಳೆಯ ರೂಢಿ ಅಂತ ಸುಮ್ನೆ ಎಡಕ್ಕೇ ಹಾರಿಸಿ ಒದ್ದಾಡುವುದು ಬೇಡ.

ರಬ್ಬರ್ ಬಗ್ಗೆ ಜಿಪುಣತನ ಮಾಡಬೇಡಿ. ಅಂಗಡಿಯ ಹಣದ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡ್ ಸಾಲದು, ಈ ಕೆಲಸಕ್ಕೇ ಮಾಡಿದ ನೈಸರ್ಗಿಕ ರಬ್ಬರ್ ಪಟ್ಟಿ ಬೇಕು. ಸಿಲಿಕೋನ್ ಎಣ್ಣೆ ಸವರಿ. ಒಬ್ಬರು ವಿಮಾನ ಹಿಡಿಯಲಿ, ಇನ್ನೊಬ್ಬರು ರಬ್ಬರನ್ನು ನಾಲ್ಕು ಪಟ್ಟು ಎಳೆದು ಸುತ್ತುತ್ತಾ, ಸುತ್ತುತ್ತಾ ಹತ್ತಿರ ಬರಲಿ. ಹಾಗೆ ಮಾಡಿದರೆ ಜಾಸ್ತಿ ಸುತ್ತು ತುಂಬುತ್ತದೆ. ಕೆಲಸ ಮುಗಿದ ಮೇಲೆ ಬಿಸಿಲು ತಾಗದ ಡಬ್ಬಿಯಲ್ಲಿಡಿ. ಉಳಿದದ್ದು ಸುಲಭ. ತೆಳು ಥರ್ಮಾಕೋಲ್ ಹಾಳೆಯ ರೆಕ್ಕೆ, ಸಿಹಿತಿಂಡಿ ಡಬ್ಬಿಯ ಮುಚ್ಚಳದಿಂದ ಬೆಲ್‌ಕ್ರ್ಯಾಂಕ್, ಉರಿದು ಮುಗಿದ ಊದುಬತ್ತಿಯ ಕಡ್ಡಿ, ನಯವಾದ ಹೊಲಿಗೆ ದಾರ.

ಬಿಟ್ಟ ಕೂಡಲೇ ರಬ್ಬರ್ ಪೂರ್ತಿ ಜೋರಿನಲ್ಲಿರುತ್ತದೆ. ವಿಮಾನ ಮೇಲಕ್ಕೆ ನುಗ್ಗುತ್ತದೆ, ಕೈ ತಗ್ಗಿಸಿ ಹಿಡಿಯಬೇಕು. ಆಮೇಲೆ ಸ್ವಲ್ಪ ಹೊತ್ತು ಸಮ. ಕೊನೆಗೆ ಸೊರಗುತ್ತದೆ, ಆಗ ಒಂದು ಹೆಜ್ಜೆ ಹಿಂದೆ ಇಟ್ಟು ದಾರ ಬಿಗಿ ಮಾಡಿಕೊಂಡು ಇಳಿಸಬೇಕು. ಅರ್ಧ ನಿಮಿಷದೊಳಗೆ ಏರುವುದು, ಸಾಗುವುದು, ಇಳಿಯುವುದು ಎಲ್ಲ ಆಗಿಹೋಗುತ್ತದೆ. ಡ್ರೋನ್‌ನಲ್ಲಿ ಈ ಸಮತೋಲನದ ಕೆಲಸವನ್ನು ಒಳಗಿನ ಚಿಪ್ ಮಾಡಿಬಿಡುತ್ತದೆ. ಅದು ಒಳ್ಳೆಯ ಯಂತ್ರವೇ. ಆದರೆ ಕಲಿಯಬೇಕಾದ ಪಾಠವನ್ನು ಚಿಪ್ಪೇ ಮಾಡಿದರೆ ಮಗುವಿಗೆ ಏನು ಉಳಿಯಿತು?

ಜಾಗ ಎಲ್ಲಿ ಅಂತ ಕೇಳುತ್ತೀರಿ. ಏಳು ಮೀಟರ್ ಅಗಲ ಇದ್ದರೆ ಸಾಕು, ಆದರೆ ಗಾಳಿ ಇರಬಾರದು. ಆಷಾಢದಲ್ಲಿ ಮದುವೆಗಳಿಲ್ಲ, ನಮ್ಮ ಊರೂರಿನ ಕಲ್ಯಾಣ ಮಂಟಪಗಳು ಖಾಲಿ ಬಿದ್ದಿರುತ್ತವೆ. ಒಂದು ಭಾನುವಾರದ ಬೆಳಿಗ್ಗೆಗೆ ಕೇಳಿ ನೋಡಿ. ಫ್ಯಾನ್ ಆಫ್ ಮಾಡಿಸಿ, ಕುರ್ಚಿಗಳನ್ನು ಗೋಡೆಗೆ ಸರಿಸಿ. ಜಾಗ ಸಿಕ್ಕರೆ ನನಗೆ ತಿಳಿಸಿ, ರಬ್ಬರ್ ಪಟ್ಟಿ ಮತ್ತು ಪ್ರೊಪೆಲ್ಲರ್‌ಗಳನ್ನು ನಾನು ತರುತ್ತೇನೆ.